ಲೂಪ್ ಬಿಟ್ಟ ಬಡಿತ

ಎಂಆರ್‌ಐ ಸ್ಕ್ಯಾನಿಂಗಿಗೆ ಮುಂಚೆ ತುಂಬೋ ಫಾರಂನಲ್ಲಿ ಹನ್ನೊಂದನೇ ಪ್ರಶ್ನೆಗೆ ಬಂದಾಗ ನನ್ನ ಪೆನ್ನು ನಿಂತಿತು. ಅಲ್ಲಿವರೆಗೂ ಎಲ್ಲ ಸಲೀಸು. ಪೇಸ್‌ಮೇಕರ್ ಇದೆಯಾ? ಇಲ್ಲ. ಮೂಳೆಗೆ ಪ್ಲೇಟು, ಸ್ಕ್ರೂ ಹಾಕಿಸಿದ್ದೀರಾ? ಇಲ್ಲ. ಇಕ್ಕಟ್ಟಿನ ಜಾಗದಲ್ಲಿ ಭಯ ಆಗುತ್ತಾ? ಇದಕ್ಕೆ ನಗುನೇ ಬಂತು. 31 ವರ್ಷ ಟಾಕೀಸಿನ ಕ್ಯಾಬಿನ್ನಿನಲ್ಲಿ ಆಪರೇಟರ್ ಆಗಿದ್ದವನು ನಾನು. ಎರಡು ಪ್ರಾಜೆಕ್ಟರು, ರೀಲಿನ ಡಬ್ಬಗಳು, ಒಂದು ಸ್ಟೂಲು. ಮಿಕ್ಕಿದ ಜಾಗದಲ್ಲಿ ನಾನು.

ಹನ್ನೊಂದನೆಯದು ಹೀಗಿತ್ತು: ಕಣ್ಣಿಗೆ ಯಾವತ್ತಾದರೂ ಲೋಹದ ಚೂರು ಬಿದ್ದಿತ್ತಾ?

"ಅಂಕಲ್, ವೆಲ್ಡಿಂಗ್ ಕೆಲಸ ಏನಾದ್ರೂ ಮಾಡ್ತಿದ್ರಾ?" ಸ್ಕ್ಯಾನಿಂಗ್ ಟೆಕ್ನಿಷಿಯನ್ ಹುಡುಗಿ ಕೇಳಿದಳು. ನನ್ನ ಮಗಳಿಗಿಂತ ಹತ್ತು ವರ್ಷ ಚಿಕ್ಕವಳಿರಬೇಕು.

"ವೆಲ್ಡಿಂಗ್ ಅಲ್ಲಮ್ಮ. ಆದರೆ ಅದೇ ಥರದ ಬೆಂಕಿ ಪಕ್ಕ ಕೂತಿದ್ದೆ."

ಕಾರ್ಬನ್ ಬಗ್ಗೆ ಹೇಳಿದೆ. ಈಗಿನವರಿಗೆ ಗೊತ್ತಿರಲ್ಲ. ನಾನು ಕೆಲಸಕ್ಕೆ ಸೇರಿದ 1979ರಲ್ಲಿ ನಮ್ಮ ಪ್ರಾಜೆಕ್ಟರಿನಲ್ಲಿ ಬಲ್ಬು ಇರಲಿಲ್ಲ. ತಾಮ್ರದ ಲೇಪ ಇರುವ ಎರಡು ಕಾರ್ಬನ್ ಕಡ್ಡಿ. ಒಂದಕ್ಕೊಂದು ತಾಗಿಸಿ ಸ್ವಲ್ಪ ದೂರ ಮಾಡಿದರೆ ನಡುವೆ ಬೆಳಕು ಹತ್ತಿಕೊಳ್ಳುತ್ತಿತ್ತು. ಕಪ್ಪು ಗಾಜಿನಲ್ಲೇ ನೋಡಬೇಕು. ಕಡ್ಡಿ ಉರಿದು ಸವೆಯುತ್ತ ಹೋದ ಹಾಗೆ ಹತ್ತಿರ ತರುತ್ತಿರಬೇಕು, ಇಲ್ಲದಿದ್ದರೆ ಪರದೆ ಹಳದಿಗೆ ತಿರುಗುತ್ತೆ, ಗಾಂಧಿ ಕ್ಲಾಸಿನಿಂದ ಸೀಟಿ ಬರುತ್ತೆ. ಒಮ್ಮೊಮ್ಮೆ ತಾಮ್ರ ಕರಗಿ ಸಿಡಿಯುತ್ತಿತ್ತು. ಬಲಗೈ ಮೇಲೆ ಈಗಲೂ ನಾಲ್ಕು ಚುಕ್ಕೆ ಇವೆ. ತೋರಿಸಿದೆ.

ಅವಳು ಯಾರಿಗೋ ಫೋನ್ ಮಾಡಿದಳು. "ತಾಮ್ರ ಆದ್ರೆ ಆಯಸ್ಕಾಂತ ಎಳೆಯಲ್ಲ ಅಂಕಲ್. ಆದ್ರೂ ಮೆಷಿನ್ ಹತ್ರ ಇದ್ದೋರು ಅಂದ್ಮೇಲೆ, ಕಣ್ಣಿಗೆ ಒಂದು ಎಕ್ಸ್‌ರೇ ತೆಗೆದುಬಿಡೋಣ." ಒಳಗಿರೋ ಆಯಸ್ಕಾಂತ 1.5 ಟೆಸ್ಲಾ, ಭೂಮಿಯ ಆಯಸ್ಕಾಂತದ ಸುಮಾರು 30 ಸಾವಿರ ಪಟ್ಟು. ಕಬ್ಬಿಣದ ಒಂದು ಚೂರು ಕಣ್ಣಲ್ಲಿದ್ದರೆ ಅದು ಅಲುಗಾಡಿದರೂ ಸಾಕು. ಎಕ್ಸ್‌ರೇ ಆಯಿತು. ಏನೂ ಇರಲಿಲ್ಲ.

ಇಷ್ಟಕ್ಕೂ ನಾನು ಅರಸೀಕೆರೆಯಿಂದ ರೈಲು ಹತ್ತಿ ಬೆಂಗಳೂರಿಗೆ ಬಂದಿದ್ದು ಯಾಕೆ ಅಂದರೆ, ನನ್ನ ಎದೆ ಲೂಪ್ ಬಿಡುತ್ತಿತ್ತು.

ಬೇರೆ ಮಾತಲ್ಲಿ ಹೇಳೋಕೆ ಆಗುತ್ತಿರಲಿಲ್ಲ. ಡಾಕ್ಟರ ಹತ್ತಿರವೂ ಹಾಗೇ ಹೇಳಿದ್ದೆ. ಪ್ರಾಜೆಕ್ಟರಿನಲ್ಲಿ ಫಿಲ್ಮಿಗೆ ಬೆಳಕು ಬೀಳುವ ಕಿಂಡಿಗೆ ಗೇಟ್ ಅಂತೀವಿ. ಆ ಗೇಟಿನ ಮೇಲೊಂದು ಕೆಳಗೊಂದು ಕಡೆ ಫಿಲ್ಮು ಸಡಿಲವಾಗಿ ಬಾಗಿರಬೇಕು. ಅದಕ್ಕೆ ಲೂಪ್ ಅಂತೀವಿ. ಹಲ್ಲಿನ ಚಕ್ರಗಳು ಒಂದೇ ಸಮ ತಿರುಗುತ್ತವೆ. ಆದರೆ ಗೇಟಿನೊಳಗೆ ಫಿಲ್ಮು ಒಂದೇ ಸಮ ಹೋಗಲ್ಲ. ಜಿಗಿಯುತ್ತೆ, ನಿಲ್ಲುತ್ತೆ, ಜಿಗಿಯುತ್ತೆ, ನಿಲ್ಲುತ್ತೆ. ಸೆಕೆಂಡಿಗೆ 24 ಸಲ. ಈ ಎರಡು ನಡೆಗೂ ರಾಜಿ ಮಾಡಿಸುವುದು ಆ ಎರಡು ಬೆರಳಿನಷ್ಟು ಸಡಿಲ. ಹಳೇ ಪ್ರಿಂಟಿನಲ್ಲಿ ಪಕ್ಕದ ತೂತು ಹರಿದಿದ್ದರೆ ಲೂಪ್ ಹೋಗಿಬಿಡುತ್ತಿತ್ತು. ಆಗ ಪರದೆ ಮೇಲೆ ಹೀರೋ ತಲೆ ಕೆಳಗೆ, ಕಾಲು ಮೇಲೆ, ಎಲ್ಲ ಗಡಗಡ. ನನ್ನ ಎದೆಯಲ್ಲೂ ಹಾಗೇ. ಸರಿಯಾಗಿ ನಡೀತಾ ಇರುತ್ತೆ, ಇದ್ದಕ್ಕಿದ್ದ ಹಾಗೆ ಒಂದು ಬಡಿತ ಮುಂಚೆಯೇ ಬಂದುಬಿಡುತ್ತೆ. ಆಮೇಲೆ ಒಂದು ಖಾಲಿ. ಆ ಖಾಲಿಯಲ್ಲಿ ಜೀವ ಬಾಯಿಗೆ ಬರುತ್ತೆ. ಆಮೇಲೆ ದಢಾರ್ ಅಂತ ಒಂದು ಬಡಿತ, ಮತ್ತೆ ಮೊದಲಿನ ಹಾಗೆ.

ಊರಲ್ಲಿ ಇಸಿಜಿ ತೆಗೆಸಿದ್ದೆ. ಆ ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತೆ. ನಮ್ಮ ಫಿಲ್ಮು ಸೆಕೆಂಡಿಗೆ ಒಂದೂವರೆ ಅಡಿ ಓಡುತ್ತಿತ್ತು, ಅದನ್ನು ನೋಡಿದವನಿಗೆ ಇದು ಬಸವನಹುಳ. ಹತ್ತು ಸೆಕೆಂಡಿನ ಕಾಗದ ಬಂತು, ಅದರಲ್ಲಿ ಎದೆ ಒಳ್ಳೇ ಹುಡುಗನ ಹಾಗೆ ನಡೆದುಕೊಂಡಿತ್ತು. "ನಾರ್ಮಲ್" ಅಂದರು. ನನ್ನ ಹೆಂಡತಿ ಅಂತೂ "ಸುಮ್ನೆ ಯೋಚನೆ ಮಾಡಿ ಮಾಡಿ ಬರಿಸಿಕೊಂಡಿದ್ದೀರ" ಅಂತ ತೀರ್ಪು ಕೊಟ್ಟುಬಿಟ್ಟಳು.

ಬೆಂಗಳೂರಲ್ಲಿ ಹೋಲ್ಟರ್ ಕಟ್ಟಿದರು. ಬಡಿತ ಬರೆದಿಡೋ ಒಂದು ಪುಟ್ಟ ಡಬ್ಬಿ ಸೊಂಟಕ್ಕೆ, ಎದೆಗೆ ವೈರು, 24 ಗಂಟೆ. ಸ್ನಾನ ಇಲ್ಲ. ಮಾರನೇ ದಿನ ರಿಪೋರ್ಟು: ಒಟ್ಟು 1,01,000 ಬಡಿತ, ಅದರಲ್ಲಿ 7,400 ಅಡ್ಡ ಬಡಿತ. ಅಂಕಿ ನೋಡಿದ ತಕ್ಷಣ ನನ್ನ ತಲೆ ತನ್ನ ಹಳೇ ಲೆಕ್ಕಕ್ಕೆ ಹೋಯಿತು. ಬಡಿತಕ್ಕೆ ಒಂದು ಫ್ರೇಮ್ ಅಂತ ಇಟ್ಟುಕೊಂಡರೆ ಒಂದು ಲಕ್ಷದ ಒಂದು ಸಾವಿರ ಫ್ರೇಮು ಎಷ್ಟು ಹೊತ್ತು ಓಡುತ್ತೆ? 70 ನಿಮಿಷ. ಅಂದರೆ ನನ್ನ ಇಡೀ ಒಂದು ದಿನ, ಬೆಳಗ್ಗೆ ಕಾಫಿಯಿಂದ ರಾತ್ರಿ ನಿದ್ದೆವರೆಗೆ, ಇಂಟರ್ವಲ್ ಬೆಲ್ ಹೊಡೆಯೋ ಮುಂಚೆ ಮುಗಿದುಹೋಗುತ್ತೆ. ಅಡ್ಡ ಬಡಿತದ್ದೇ ಬೇರೆ ಲೆಕ್ಕ ಹಾಕಿದೆ. ಐದು ನಿಮಿಷ ಚಿಲ್ಲರೆ. ಒಂದು ಹಾಡಿನಷ್ಟು.

ಮಗಳಿಗೆ ಹೇಳಿದೆ. "ಅಪ್ಪ, ದಯವಿಟ್ಟು" ಅಂದಳು.

ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್, ಅದೂ ಆಯಿತು. ತಣ್ಣಗಿನ ಜೆಲ್ ಹಚ್ಚಿ ಪಕ್ಕೆಲುಬಿನ ಸಂದಿಯಲ್ಲಿ ಒತ್ತಿ ನೋಡಿದರು. ಅದು ನನಗೆ ಇಷ್ಟವಾಯಿತು. ಚಿತ್ರ ಅಷ್ಟಕ್ಕಷ್ಟೇ, ಬೂದು ಬಣ್ಣದ ಮಂಜು. ಆದರೆ ಆಗೋದು ಆಗಲೇ ಕಾಣುತ್ತೆ. ಎದೆ ತಪ್ಪಿದಾಗ ಪರದೆ ಮೇಲೂ ತಪ್ಪುತ್ತೆ. ಕವಾಟಗಳು ಪಟಪಟ ಅಂತ ತೆರೆದು ಮುಚ್ಚುತ್ತಿದ್ದವು. "ಪಂಪಿಂಗ್ ಪರವಾಗಿಲ್ಲ ಯಜಮಾನ್ರೇ. ಆದರೆ ಮಾಂಸಖಂಡದ ಒಳಗೆ ಏನಾದರೂ ಗಾಯ ಇದ್ದರೆ ಇದರಲ್ಲಿ ಕಾಣಲ್ಲ. ಎಂಆರ್‌ಐ ಮಾಡೋಣ" ಅಂದರು ಡಾಕ್ಟರು.

ಹಾಗೆ ಬಂದವನು ನಾನು ಈ ಫಾರಂ ಮುಂದೆ ಕೂತಿದ್ದೆ.

ಉಂಗುರ, ಬೆಲ್ಟು, ವಾಚು, ಜನಿವಾರಕ್ಕೆ ಕಟ್ಟಿದ್ದ ಬೀಗದ ಕೈ, ಎಲ್ಲ ಮಗಳ ಕೈಗೆ ಹೋಯಿತು. ಹಿಂದೆ ಕಟ್ಟುವ ಗೌನ್ ಕೊಟ್ಟರು. ಕೈಗೆ ಸೂಜಿ ಚುಚ್ಚಿ ಟ್ಯೂಬ್ ಬಿಟ್ಟರು. ಎದೆಗೆ ನಾಲ್ಕು ಪಟ್ಟಿ ಅಂಟಿಸಿ, ಮೇಲೆ ಒಂದು ಭಾರದ ಹಲಗೆಯಂಥದ್ದು ಇಟ್ಟು ಕಟ್ಟಿದರು. ಕಾಯಿಲ್ ಅಂತೆ. ಕಿವಿಗೆ ಹೆಡ್‌ಫೋನು. ಕೈಯಲ್ಲಿ ಒಂದು ರಬ್ಬರ್ ಉಂಡೆ, ತುಂಬಾ ಕಷ್ಟ ಆದರೆ ಒತ್ತೋಕೆ.

"ನಾನು ಹೇಳ್ದಾಗ ಉಸಿರು ತಗೊಂಡು, ಬಿಟ್ಟು, ಹಾಗೇ ನಿಲ್ಲಿಸ್ಬೇಕು ಅಂಕಲ್. ಮತ್ತೆ ತಗೋಬಾರ್ದು. ಹತ್ತು ಹನ್ನೆರಡು ಸೆಕೆಂಡು ಅಷ್ಟೇ. ಒಟ್ಟು ಮುಕ್ಕಾಲು ಗಂಟೆ ಆಗ್ಬಹುದು."

ಮುಕ್ಕಾಲು ಗಂಟೆ ಅಂದರೆ ಎರಡು ರೀಲು ಚಿಲ್ಲರೆ. 2,000 ಅಡಿಯ ರೀಲು 22 ನಿಮಿಷ ಬರುತ್ತೆ. ಆಗಲಿ ಅಂತ ಒಳಗೆ ಹೋದೆ.

ಮೊದಲು ಕಿವಿ ಕೆಲಸ ಮಾಡಿತು. ಆಪರೇಟರ್‌ಗೆ ಕಣ್ಣಿಗಿಂತ ಕಿವಿ ಮುಖ್ಯ. ಬಾಗಿಲಾಚೆ ಟೀ ಕುಡೀತಾ ಇದ್ದರೂ ಮೆಷಿನ್ ಸದ್ದು ಒಂದು ಗುಲಗಂಜಿ ಬದಲಾದರೆ ಲೋಟ ಇಟ್ಟು ಓಡಬೇಕು. ಈ ಮೆಷಿನ್ನಿನ ಸದ್ದು ಮಾತ್ರ ಯಾವ ತಾಳಕ್ಕೂ ಸಿಗಲಿಲ್ಲ. ಟಕ ಟಕ ಟಕ ಅಂತ ಶುರುವಾಗುತ್ತೆ, ಆಮೇಲೆ ಗೋಡೆ ಕೊರೆಯೋ ಡ್ರಿಲ್ಲಿನ ಹಾಗೆ, ಆಮೇಲೆ ಹಳೇ ಲಾರಿ ಹಾರನ್ ಹಾಗೆ. ಒಳಗೆ ಸುರುಳಿಗಳಲ್ಲಿ ಕರೆಂಟು ಬಂದು ಹೋಗಿ ಮಾಡುವಾಗ ಅವು ಅದುರೋ ಸದ್ದಂತೆ. ಕೇಳುತ್ತಾ ಕೇಳುತ್ತಾ ಒಂದು ಗೊತ್ತಾಯಿತು. ಕೆಲವು ಸದ್ದು ನನ್ನ ಎದೆಯನ್ನು ಕಾದು ಬರುತ್ತಿದ್ದವು. ಲಬ್ ಅಂದರೆ ಇದು ಗರ್ ಅನ್ನುತ್ತೆ. ನಾನು ತಪ್ಪಿದರೆ ಅದೂ ತಡವರಿಸುತ್ತೆ. ಇಷ್ಟು ವರ್ಷ ಮೆಷಿನ್ನಿನ ವೇಗಕ್ಕೆ ನಾನು ಹೊಂದಿಕೊಂಡಿದ್ದೆ. ಇಲ್ಲಿ ಮೆಷಿನ್ನು ನನ್ನ ವೇಗಕ್ಕೆ ಕಾಯುತ್ತಿತ್ತು.

"ಉಸಿರು ತಗೊಳ್ಳಿ... ಬಿಡಿ... ನಿಲ್ಸಿ."

ಉಸಿರು ತುಂಬಿಕೊಂಡು ಹಿಡಿಯೋದು ಸುಲಭ. ಬಿಟ್ಟು ಹಿಡಿಯೋದು ಕಷ್ಟ. ಮೊದಲ ಸಲ ಐದಕ್ಕೇ ಸಾಕಾಯಿತು. ಎರಡನೇ ಸಲ ನನ್ನ ಹತ್ತಿರ ಇದ್ದ ಹಳೇ ಆಯುಧ ತೆಗೆದೆ.

ಹಳೇ ಸಿನಿಮಾಗಳಲ್ಲಿ ರೀಲು ಮುಗಿಯೋ ಮುಂಚೆ ಪರದೆಯ ಬಲಮೂಲೆ ಮೇಲೆ ಒಂದು ಚುಕ್ಕೆ ಮಿನುಗಿ ಹೋಗುತ್ತಿತ್ತು, ನೋಡಿದ್ದೀರಾ? ನೋಡಿರಲ್ಲ. ಅದು ನಿಮಗಲ್ಲ, ನಮಗೆ. ನಾಲ್ಕೇ ಫ್ರೇಮು, ಸೆಕೆಂಡಿನ ಆರನೇ ಒಂದು ಭಾಗ. ಮೊದಲ ಚುಕ್ಕೆ ಕಂಡ ತಕ್ಷಣ ಎರಡನೇ ಮೆಷಿನ್ನಿನ ಮೋಟಾರ್ ಹಾಕಬೇಕು. ಏಳು ಸೆಕೆಂಡಿಗೆ ಇನ್ನೊಂದು ಚುಕ್ಕೆ. ಆಗ ಈ ಕಡೆ ಬೆಳಕು ಮುಚ್ಚಿ ಆ ಕಡೆ ತೆರೆಯಬೇಕು. ಮೂರು ದಶಕ, ದಿನಕ್ಕೆ ನಾಲ್ಕು ಆಟ, ಆಟಕ್ಕೆ ಏಳೆಂಟು ಸಲ. ಆ ಏಳು ಸೆಕೆಂಡು ನನ್ನ ಮೂಳೆಯಲ್ಲಿದೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ತಪ್ಪಲ್ಲ.

ಹಾಗಾಗಿ ಉಸಿರು ನಿಲ್ಲಿಸಿದಾಗಲೆಲ್ಲ ಕಣ್ಣು ಮುಚ್ಚಿ ಒಂದು ಚುಕ್ಕೆ ನೋಡುತ್ತಿದ್ದೆ. ಏಳು ಸೆಕೆಂಡು, ಎರಡನೇ ಚುಕ್ಕೆ. ಇನ್ನರ್ಧ ಸಲ. "ಉಸಿರಾಡಿ ಅಂಕಲ್" ಅನ್ನೋಳು. ಲೆಕ್ಕ ಪಕ್ಕಾ.

ಆದರೆ ಅವಳಿಗೆ ಪಕ್ಕಾ ಆಗುತ್ತಿರಲಿಲ್ಲ. "ಅಂಕಲ್, ಮಧ್ಯ ಎರಡು ಎಕ್ಸ್‌ಟ್ರಾ ಬೀಟ್ ಬಂತು. ಇದನ್ನೇ ಮತ್ತೆ ತೆಗೀತೀನಿ." ಮತ್ತೆ. "ಇನ್ನೊಂದ್ಸಲ ಅಂಕಲ್." ಮತ್ತೆ. ಹೃದಯವನ್ನು ಮೇಲಿಂದ ಕೆಳಗೆ ಸೌತೆಕಾಯಿ ಬಿಲ್ಲೆ ಹೆಚ್ಚಿದ ಹಾಗೆ ಹತ್ತು ಹನ್ನೆರಡು ಬಿಲ್ಲೆಯಾಗಿ ತೆಗೆಯುತ್ತಾರೆ. ಬಿಲ್ಲೆಗೊಂದು ಉಸಿರು. ನಾಲ್ಕನೇ ಬಿಲ್ಲೆಗೆ ಮೂರು ಸಲ ಆಯಿತು. ಉಸಿರು ಹಿಡಿದು ನಾನು ಒಳಗೊಳಗೇ ಎದೆಗೆ ಬೈಯುತ್ತಿದ್ದೆ. ಥೂ, ಹತ್ತು ಸೆಕೆಂಡು ಸರಿಯಾಗಿ ಇರೋಕಾಗಲ್ವಾ ನಿನಗೆ? ಇಸಿಜಿ ದಿನ ಅಷ್ಟು ಸಾಧು ಆಗಿದ್ದೆ!

ಆಮೇಲೆ ಒಂದು ಔಷಧ ಬಿಟ್ಟರು. ಗ್ಯಾಡೋಲಿನಿಯಂ. ಕೈ ತಣ್ಣಗಾಯಿತು. "ಈಗ ಹತ್ತು ನಿಮಿಷ ಕಾಯ್ಬೇಕು ಅಂಕಲ್. ಗಾಯ ಇರೋ ಕಡೆ ಔಷಧ ಉಳ್ಕೊಳುತ್ತೆ, ಬೇರೆ ಕಡೆ ತೊಳೆದು ಹೋಗುತ್ತೆ. ಆಮೇಲೆ ಫೋಟೋ." ಮೆಷಿನ್ನೂ ಸುಮ್ಮನಾಯಿತು.

ಆ ಹತ್ತು ನಿಮಿಷ! ಉಸಿರು ಹಿಡಿಯೋದೇ ವಾಸಿ ಅನ್ನಿಸಿತು. ಮೂಗಿನ ಮೇಲೆ ಎಲ್ಲೋ ತುರಿಕೆ. ಮುಖದ ಮೇಲೆ ಗೇಣಿನ ದೂರದಲ್ಲಿ ಬಿಳೀ ಪ್ಲಾಸ್ಟಿಕ್ಕು. ಚುಕ್ಕೆ ಎಣಿಸೋಣ ಅಂದರೆ ಚುಕ್ಕೆ ಬರುತ್ತಿಲ್ಲ, ಯಾಕೆಂದರೆ ಮಾಡೋಕೆ ಏನೂ ಕೆಲಸ ಇಲ್ಲ.

ನಮ್ಮೂರಲ್ಲಿ ಎರಡು ಟಾಕೀಸಿಗೆ ಒಂದೇ ಪ್ರಿಂಟ್ ಓಡಿಸುತ್ತಿದ್ದ ಕಾಲ ಇತ್ತು. ಅಣ್ಣಾವ್ರ ಸಿನಿಮಾ ಬಂದರೆ ಖಾತ್ರಿ. ಆ ಟಾಕೀಸಲ್ಲಿ ಅರ್ಧ ಗಂಟೆ ಮುಂಚೆ ಆಟ ಶುರು. ಅಲ್ಲಿ ಒಂದು ರೀಲು ಮುಗಿದ ಹಾಗೆ ಹುಡುಗ ಸೈಕಲ್ ಕ್ಯಾರಿಯರಿಗೆ ಡಬ್ಬ ಕಟ್ಟಿಕೊಂಡು ಇಲ್ಲಿಗೆ ಬರಬೇಕು. ಒಂದು ಸಂಜೆ ಬರಲಿಲ್ಲ. ಪಂಚರ್. ನನ್ನ ಮೆಷಿನ್ನಿನಲ್ಲಿ ಮೊದಲ ಚುಕ್ಕೆ ಬಂತು, ಎರಡನೇ ಚುಕ್ಕೆ ಬಂತು, ಆ ಕಡೆ ಹಾಕೋಕೆ ಏನೂ ಇಲ್ಲ. ಪರದೆ ಬೆಳ್ಳಗಾಯಿತು. ಎಂಟುನೂರು ಜನ. ಮೊದಲು ಸೀಟಿ, ಆಮೇಲೆ ಬೈಗುಳ, ಆಮೇಲೆ ಬೆಂಚು ಕುಟ್ಟೋ ಸದ್ದು. ಕ್ಯಾಬಿನ್ ಕಿಂಡಿಯಿಂದ ನೋಡುತ್ತಾ ನಿಂತಿದ್ದೆ. ಹುಡುಗ ಸೈಕಲ್ ತಳ್ಳಿಕೊಂಡು ಬೆವರು ಸುರಿಸುತ್ತಾ ಬಂದ. ಆಮೇಲೆ ಮ್ಯಾನೇಜರು ವಾಚ್ ತೋರಿಸಿ ಹೇಳಿದರು, ಆರೇ ನಿಮಿಷ ಅಂತ. ನಾನು ನಂಬಲಿಲ್ಲ. ಈಗಲೂ ನಂಬಲ್ಲ. ಅದು ಕಡಿಮೆ ಅಂದರೂ ಒಂದು ರೀಲಿನಷ್ಟು ಹೊತ್ತು.

ಹೊರಗೆ ಬಂದ ಮೇಲೆ ಹುಡುಗಿಗೆ ಹೇಳಿದೆ: "ಮೂವತ್ತೈದು ನಿಮಿಷ ಕೆಲಸ, ಒಂದು ಗಂಟೆ ಕಾಯೋದು. ಸರೀನಾ?"

"ಐವತ್ತು ನಿಮಿಷ ಕೆಲ್ಸ ಅಂಕಲ್. ಕಾದಿದ್ದು ಹತ್ತೇ."

ಮೂಳೆಯಲ್ಲಿದ್ದ ಗಡಿಯಾರಕ್ಕೆ ಅವತ್ತು ಮರ್ಯಾದೆ ಹೋಯಿತು.

ಬಟ್ಟೆ ಹಾಕಿಕೊಂಡು ಹೊರಡುವಾಗ ಗಾಜಿನಾಚೆ ಅವಳ ಕಂಪ್ಯೂಟರ್ ಕಾಣಿಸಿತು. ಅದರಲ್ಲಿ ನನ್ನ ಹೃದಯ ಓಡುತ್ತಿತ್ತು. ಹಾಗೆ ನಿಂತುಬಿಟ್ಟೆ. ಎಕೋದ ಮಂಜು ಇಲ್ಲಿ ಇರಲಿಲ್ಲ. ರಕ್ತ ಬೆಳ್ಳಗೆ, ಗೋಡೆ ಕಪ್ಪು, ಗೋಡೆ ಒಳಗಿನ ಸಣ್ಣ ನಾರುಗಳು ಕೂಡ ಎಣಿಸಬಹುದು. ಹಿಂಡುತ್ತೆ, ಬಿಡುತ್ತೆ, ಹಿಂಡುತ್ತೆ, ಬಿಡುತ್ತೆ. ಒಂದು ಸಲವೂ ತಪ್ಪುತ್ತಿಲ್ಲ.

"ಇದು ಯಾವ ಬಡಿತಾಮ್ಮ?" ಅಂತ ಕೇಳಿದೆ.

ಅವಳಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಬಿಡಿಸಿ ಕೇಳಿದೆ. ಹತ್ತು ಸೆಕೆಂಡು ಉಸಿರು ಹಿಡಿದಾಗ ಹತ್ತು ಹನ್ನೆರಡು ಬಡಿತ ಬಂದಿರುತ್ತೆ. ಇಲ್ಲಿ ಓಡ್ತಾ ಇರೋದು ಒಂದೇ ಬಡಿತ, ಸುತ್ತಿ ಸುತ್ತಿ. ಅದು ಎಷ್ಟನೆಯದು?

"ಯಾವುದೂ ಅಲ್ಲ ಅಂಕಲ್" ಅಂದಳು. "ಒಂದು ಬಡಿತದಲ್ಲಿ ಇಷ್ಟು ಕ್ಲಿಯರ್ ಚಿತ್ರ ತೆಗೆಯೋಷ್ಟು ಟೈಮ್ ಸಿಗಲ್ಲ. ಇದ್ರಲ್ಲಿ 25 ಫ್ರೇಮ್ ಇದೆ. ಪ್ರತೀ ಬಡಿತದಲ್ಲೂ 25 ಫ್ರೇಮಿಗೂ ಸ್ವಲ್ಪ ಸ್ವಲ್ಪ ಡೇಟಾ ತಗೋತೀವಿ. ಇಸಿಜಿ ನೋಡ್ಕೊಂಡು ಯಾವುದು ಎಲ್ಲಿಗೆ ಅಂತ ಮೆಷಿನ್ ಜೋಡಿಸುತ್ತೆ. ಎಲ್ಲಾ ಬಡಿತ ಸೇರಿ ಒಂದು ಬಡಿತ."

"ಅಂದರೆ ಇದು ಆಗೇ ಇಲ್ಲ?"

"ಆಗಿದೆ... ಆದ್ರೆ ಒಟ್ಟಿಗೆ ಆಗಿಲ್ಲ."

"ಮತ್ತೆ ಆ ಎಕ್ಸ್‌ಟ್ರಾ ಬೀಟು?"

"ಅದನ್ನ ಮೆಷಿನ್ ಬಿಟ್ಬಿಡುತ್ತೆ. ಅದು ಸೇರಿದ್ರೆ ಚಿತ್ರ ಕಲಸಿ ಹೋಗುತ್ತೆ. ಅದಕ್ಕೇ ನಿಮ್ಗೆ ಅಷ್ಟು ಸಲ ತೆಗ್ದಿದ್ದು."

ನನಗೆ ಯಾಕೋ ಸಣ್ಣಗೆ ಸಿಟ್ಟು ಬಂತು. ನಾನು ಅರಸೀಕೆರೆಯಿಂದ ಬಂದಿದ್ದೇ ಆ ತಪ್ಪಿದ ಬಡಿತಕ್ಕೋಸ್ಕರ. ಇವರು ಅದನ್ನೇ ಕತ್ತರಿಸಿ ಬಿಸಾಕಿ, ಉಳಿದ ಸಾಧು ಬಡಿತಗಳನ್ನೆಲ್ಲ ಅಂಟಿಸಿ, ಯಾವತ್ತೂ ಬಡಿಯದ ಒಂದು ಚೆಂದದ ಬಡಿತ ಮಾಡಿ ಇಟ್ಟಿದ್ದಾರೆ.

ನಾವೂ ಮೋಸ ಮಾಡುತ್ತಿದ್ದೆವು, ಇಲ್ಲ ಅನ್ನಲ್ಲ. ಸಿನಿಮಾ ಅಂದರೆ ನಿಂತ ಚಿತ್ರ. ಫಿಲ್ಮು ಓಡೋ ಹೊತ್ತಲ್ಲಿ ಶಟರ್ ಬೆಳಕು ಮುಚ್ಚಿರುತ್ತೆ. ನಿಂತಾಗ ಮಾತ್ರ ತೋರಿಸುತ್ತೆ, ಅದೂ ಒಂದೊಂದು ಫ್ರೇಮನ್ನು ಎರಡೆರಡು ಸಲ, ಸೆಕೆಂಡಿಗೆ 48 ಮಿಂಚು, ಕಣ್ಣು ಕುಕ್ಕಬಾರದು ಅಂತ. ಎರಡೂವರೆ ಗಂಟೆ ಸಿನಿಮಾ ನೋಡಿದವರು ಒಂದು ಗಂಟೆಗೂ ಜಾಸ್ತಿ ಹೊತ್ತು ಬರೀ ಕತ್ತಲೆ ಪರದೆ ನೋಡಿರುತ್ತಾರೆ. ಯಾರೂ ದುಡ್ಡು ವಾಪಸ್ ಕೇಳಲಿಲ್ಲ. ಆದರೆ ನಮ್ಮ ಮೋಸದಲ್ಲಿ ಒಂದು ನಿಯತ್ತಿತ್ತು. ಒಂದನೇ ಫ್ರೇಮ್ ಆದ ಮೇಲೆ ಎರಡನೆಯದು ನಿಜವಾಗಲೂ ಆಗಿತ್ತು, ಕ್ಯಾಮೆರಾ ಮುಂದೆ.

ರೈಲಿನಲ್ಲಿ ಇದನ್ನೇ ಗೊಣಗುತ್ತಿದ್ದೆ. ಮಗಳು ಮೊಬೈಲಿನಿಂದ ತಲೆ ಎತ್ತದೆ ಕೇಳಿದಳು, "ಅಪ್ಪ, ಶೂಟಿಂಗಲ್ಲಿ ಹತ್ತು ಟೇಕ್ ತೆಗೆದು ಒಂದು ಇಡಲ್ವಾ? ಒಂದು ಹಾಡನ್ನ ಹದಿನೈದು ದಿನ ತೆಗೆದು ಒಂದೇ ಸಂಜೆ ಅನ್ನೋ ಹಾಗೆ ತೋರಿಸಲ್ವಾ?"

ತುಮಕೂರು ದಾಟೋವರೆಗೂ ನಾನು ಮಾತಾಡಲಿಲ್ಲ.

ಮನೆಗೆ ಬಂದ ಮೇಲೆ ರಿಪೋರ್ಟು ಕಾಯುತ್ತಾ ಒಂದಿಷ್ಟು ಓದಿದೆ. ರಾಂಟ್‌ಗನ್ ಎಕ್ಸ್‌ರೇ ಕಂಡುಹಿಡಿದಿದ್ದು 1895ರ ನವೆಂಬರ್ 8ಕ್ಕೆ. ಲೂಮಿಯೇರ್ ಸಹೋದರರು ಪ್ಯಾರಿಸಿನಲ್ಲಿ ಟಿಕೆಟ್ ಇಟ್ಟು ಸಿನಿಮಾ ತೋರಿಸಿದ್ದು ಅದೇ ವರ್ಷ ಡಿಸೆಂಬರ್ 28ಕ್ಕೆ. ಮಧ್ಯೆ 50 ದಿನ. ಎರಡೂ ಅವಳಿ ಮಕ್ಕಳು ಅಂತ ನನಗೆ ಯಾರೂ ಹೇಳಿರಲಿಲ್ಲ. ಎರಡೇ ವರ್ಷಕ್ಕೆ, 1897ರಲ್ಲಿ, ಗ್ಲಾಸ್ಗೋದ ಮ್ಯಾಕಿಂಟೈರ್ ಅನ್ನೋ ಡಾಕ್ಟರು ಎರಡನ್ನೂ ಸೇರಿಸಿಬಿಟ್ಟಿದ್ದರು. ಕಪ್ಪೆ ಕಾಲು ಮಡಚಿ ಚಾಚುವ ಎಕ್ಸ್‌ರೇ ಸಿನಿಮಾ. ಒಂದೊಂದು ಭಂಗಿಯಲ್ಲಿ ಕಾಲಿಟ್ಟು ಬೇರೆ ಬೇರೆ ಎಕ್ಸ್‌ರೇ ತೆಗೆದು, ಆಮೇಲೆ ಸಾಲಾಗಿ ಜೋಡಿಸಿ ಓಡಿಸಿದರಂತೆ. ಆ ಕಪ್ಪೆಯೂ ಹಾಗೆ ಕಾಲು ಆಡಿಸಿರಲಿಲ್ಲ ಅಂತಾಯಿತು.

ಅದಕ್ಕೂ ಹಿಂದೆ ಫ್ರಾನ್ಸಿನ ಮಾರೇ ಅನ್ನುವವರು ಇದ್ದರು. 1882ರಲ್ಲಿ ಬಂದೂಕಿನ ಆಕಾರದ ಕ್ಯಾಮೆರಾ ಮಾಡಿ ಹಾರುವ ಹಕ್ಕಿಯನ್ನು ಸೆಕೆಂಡಿಗೆ 12 ಚಿತ್ರದ ಲೆಕ್ಕದಲ್ಲಿ ಹಿಡಿದವರು. ಸಿನಿಮಾದ ಅಜ್ಜ ಅನ್ನಬಹುದು. ಆದರೆ ಅವರು ಸಿನಿಮಾದವರೇ ಅಲ್ಲ, ದೇಹ ಹೇಗೆ ಕೆಲಸ ಮಾಡುತ್ತೆ ಅಂತ ನೋಡುತ್ತಿದ್ದವರು. ಹಕ್ಕಿ ಹಿಡಿಯೋ ಇಪ್ಪತ್ತು ವರ್ಷ ಮೊದಲು ಅವರು ಮಾಡಿದ್ದ ಯಂತ್ರ ಯಾವುದು ಗೊತ್ತಾ? ಮುಂಗೈ ನಾಡಿಗೆ ಕಟ್ಟುವಂಥದ್ದು. ಬಡಿತ ತಾನೇ ಕಾಗದದ ಮೇಲೆ ಗೆರೆ ಬರೆಯುತ್ತಿತ್ತು. ಅಂದರೆ ನನ್ನ ಮೂರು ದಶಕದ ಅನ್ನ ಶುರುವಾಗಿದ್ದೇ ಯಾರದೋ ನಾಡಿಯಿಂದ.

ವಾರದ ಮೇಲೆ ಮತ್ತೆ ಬೆಂಗಳೂರು. ಡಾಕ್ಟರು ನನ್ನದೇ ವಯಸ್ಸಿನವರು. ಆಪರೇಟರ್ ಆಗಿದ್ದೆ ಅಂತ ಗೊತ್ತಾದ ಮೇಲೆ ಕುರ್ಚಿ ಹಿಂದಕ್ಕೆ ತಳ್ಳಿ ಕೂತರು. "ನಾವೂ ನಿಮ್ಮ ಜಾತಿಯೇ ಯಜಮಾನ್ರೇ! ನಾನು ಕಲಿಯುವಾಗ ಆಂಜಿಯೋಗ್ರಾಮ್ 35 ಎಂಎಂ ಫಿಲ್ಮಲ್ಲೇ ತೆಗೀತಿದ್ವಿ. ತೊಳೆದು ಒಣಗಿಸಿ, ರೀಲ್ ಹಾಕಿ ಮೇಜಿನ ಪ್ರಾಜೆಕ್ಟರಲ್ಲಿ ಹಿಂದೆ ಮುಂದೆ ಓಡಿಸಿ ನೋಡೋದು. ಫಿಲ್ಮ್ ಕತ್ತರಿಸಿ ಹೋದರೆ ನಾವೇ ಅಂಟಿಸೋದು."

"ಸಿಮೆಂಟಾ, ಟೇಪಾ?" ಅಂದೆ.

"ಟೇಪು."

ಅಲ್ಲೇ ಅವರ ಮೇಲೆ ನಂಬಿಕೆ ಬಂತು. ಸ್ವಲ್ಪ ಹೊತ್ತು ಕಾಯಿಲೆ ವಿಷಯವೇ ಮರೆತು ಸ್ಪ್ಲೈಸ್ ಬಗ್ಗೆ ಮಾತಾಡಿದೆವು. ಹೊರಗೆ ಕಾಯುತ್ತಿದ್ದವರು ಶಾಪ ಹಾಕಿರಬೇಕು.

ಆಮೇಲೆ ಚಿತ್ರ ತೆಗೆದರು. ಓಡೋ ಚಿತ್ರ ಅಲ್ಲ, ಔಷಧ ಬಿಟ್ಟ ಮೇಲೆ ತೆಗೆದ ನಿಂತ ಚಿತ್ರ. ಕಪ್ಪು ಗೋಡೆಯ ಹೊರ ಅಂಚಲ್ಲಿ ಒಂದು ಬಿಳೀ ಗೀರು. ಉಗುರಿನಷ್ಟು.

"ಇದು ಹಳೇ ಗಾಯ. ಯಾವಾಗಲೋ ಒಂದು ವೈರಲ್ ಜ್ವರ ಬಂದಾಗ ಹೃದಯಕ್ಕೂ ತಗುಲಿರುತ್ತೆ. ವಾಸಿ ಆಗಿದೆ, ಗುರುತು ಉಳಿದಿದೆ. ಅಡ್ಡ ಬಡಿತ ಇಲ್ಲಿಂದಲೇ ಬರ್ತಿರಬೇಕು."

"ಯಾವಾಗ ಆಗಿದ್ದು?"

"ಅದು ಹೇಳಕ್ಕಾಗಲ್ಲ. ಹತ್ತು ವರ್ಷ ಆಗಿರಬಹುದು, ಮೂವತ್ತು ಆಗಿರಬಹುದು."

ಹಳೇ ಪ್ರಿಂಟಿನ ಮೇಲೆ ಉದ್ದಕ್ಕೂ ಗೀರು ಬಿದ್ದಿರುತ್ತೆ. ಯಾವ ಊರಿನ, ಯಾವ ಮೆಷಿನ್ನಿನ ಯಾವ ಹಲ್ಲು ಗೀರಿತೋ ಯಾರಿಗೆ ಗೊತ್ತು. ನಮ್ಮ ಕೈಗೆ ಬರುವಾಗ ಅದು ಸಿನಿಮಾದ ಭಾಗವೇ ಆಗಿರುತ್ತಿತ್ತು. ನಾನು ಜ್ವರಗಳನ್ನು ನೆನಪು ಮಾಡಿಕೊಳ್ಳೋಕೆ ನೋಡಿದೆ. ಮಗಳು ಹುಟ್ಟಿದ ವರ್ಷ ಒಂದು ಬಂದಿತ್ತು, ಹನ್ನೆರಡು ದಿನ. ಅದೇನಾ? ಆಗ ಜ್ವರದಲ್ಲೇ ಸೆಕೆಂಡ್ ಶೋ ಓಡಿಸಿದ್ದೆ. ಯಾವ ಸಿನಿಮಾ ಅಂತ ನೆನಪಿದೆ, ಎದೆ ನೋವಿತ್ತಾ ಅಂತ ನೆನಪಿಲ್ಲ.

ಒಂದು ಮಾತ್ರೆ ಬರೆದುಕೊಟ್ಟರು, ಬೆಳಗ್ಗೆ ಅರ್ಧ ಸಂಜೆ ಅರ್ಧ. ಆರು ತಿಂಗಳಿಗೆ ಮತ್ತೆ ಹೋಲ್ಟರ್. ಎದ್ದು ಹೊರಡುವಾಗ ನನ್ನ ಹಳೇ ದೂರನ್ನು ಇಟ್ಟೆ. ತಪ್ಪಿದ ಬಡಿತ ಎಲ್ಲೂ ಇಲ್ಲವಲ್ಲ, ಅಂತ.

"ಇದೆಯಲ್ಲ" ಅಂದರು. ಇನ್ನೊಂದು ಕಡತ ತೆಗೆದರು. "ನಿಮ್ಮದು ಸರಿ ಬರ್ತಿಲ್ಲ ಅಂತ ಆ ಹುಡುಗಿ ಕೊನೆಗೆ ರಿಯಲ್ ಟೈಮ್‌ನಲ್ಲೂ ಒಂದು ತೆಗೆದಿಟ್ಟಿದ್ದಾಳೆ. ಜೋಡಿಸಿದ್ದಲ್ಲ, ಆದದ್ದು ಆದ ಹಾಗೆ. ಕ್ವಾಲಿಟಿ ಚೆನ್ನಾಗಿಲ್ಲ." ಅದು ಓಡೋಕೆ ಶುರುವಾಗೋ ಹೊತ್ತಿಗೆ ಅವರ ಫೋನ್ ಬಂತು, ನರ್ಸ್ ಬಂದರು, ಮುಂದಿನವರು ಒಳಗೆ ಬಂದರು. ಸಿಡಿ ನನ್ನ ಕೈಗೆ ಬಂತು.

ಸಿಡಿ ಹಾಕೋಕೆ ಈಗ ಯಾರ ಮನೆಯಲ್ಲಿ ಜಾಗ ಇದೆ? ಮಗಳ ಲ್ಯಾಪ್‌ಟಾಪಿನಲ್ಲಿ ಇಲ್ಲ. ಕೊನೆಗೆ ಊರಲ್ಲಿ ಬಸ್‌ಸ್ಟ್ಯಾಂಡ್ ಎದುರಿನ ಫೋಟೋ ಸ್ಟುಡಿಯೋಗೆ ಹೋದೆ. ಮದುವೆ ವಿಡಿಯೋ ಎಡಿಟ್ ಮಾಡೋ ಹುಡುಗ, ನಮ್ಮ ಟಾಕೀಸಿನಲ್ಲಿ ನೆಲದ ಮೇಲೆ ಕೂತು ಸಿನಿಮಾ ನೋಡಿ ಬೆಳೆದವನು. ಹಳೇ ಕಂಪ್ಯೂಟರ್ ಹುಡುಕಿ ಹಾಕಿದ.

"ಏನಣ್ಣ ಇದು, ಡಬ್ಬಾ ಪ್ರಿಂಟು?"

ಡಬ್ಬಾ ಪ್ರಿಂಟೇ. ಚಚ್ಚೌಕ ಚುಕ್ಕೆಗಳು, ಗೋಡೆ ಯಾವುದು ರಕ್ತ ಯಾವುದು ಕಣ್ಣು ಕಿರಿದು ಮಾಡಿ ನೋಡಬೇಕು. ಉಸಿರಾಡಿದಾಗ ಇಡೀ ಹೃದಯ ಮೇಲೆ ಕೆಳಗೆ ತೇಲುತ್ತೆ. ಹಿಂಡಿತು, ಬಿಟ್ಟಿತು. ಹಿಂಡಿತು, ಬಿಟ್ಟಿತು. ಹಿಂಡಿತು, ಪೂರ್ತಿ ಬಿಡೋ ಮುಂಚೆ ಮತ್ತೆ ಅರ್ಧಂಬರ್ಧ ಹಿಂಡಿತು. ನಿಂತಿತು.

"ಇಲ್ಲಿ. ಸ್ವಲ್ಪ ಹಿಂದಕ್ಕೆ ಹೋಗು" ಅಂದೆ.

ಅವನು ಒಂದೊಂದೇ ಫ್ರೇಮ್ ಒತ್ತುತ್ತಾ ಹಿಂದಕ್ಕೆ ಹೋದ. ಖಾಲಿ ಬಂದ ಕಡೆ ಎಣಿಸಿದೆ. ಹದಿನೆಂಟು ಫ್ರೇಮು, ಹೃದಯ ಅಗಲವಾಗಿ ಬಾಯಿ ತೆರೆದುಕೊಂಡು ಸುಮ್ಮನೆ ರಕ್ತ ತುಂಬಿಕೊಳ್ಳುತ್ತಾ ಕೂತಿತ್ತು. ನಾನು ಉಸಿರು ಕಟ್ಟಿ ಸಾಯುತ್ತಿದ್ದೀನಿ ಅಂದುಕೊಳ್ಳುತ್ತಿದ್ದ ಹೊತ್ತು ಅದು. ಅದರ ಮುಖದಲ್ಲಿ ಒಂದು ಚೂರೂ ಗಾಬರಿ ಇರಲಿಲ್ಲ. ಆಮೇಲಿನ ಬಡಿತ ದಢಾರ್ ಅಂತ ಬಂದಿದ್ದು ಯಾಕೆ ಅಂತ ಆಗ ಗೊತ್ತಾಯಿತು. ಜಾಸ್ತಿ ತುಂಬಿತ್ತು, ಜಾಸ್ತಿ ಹಿಂಡಿತು.

"ಈ ಜರ್ಕ್ ಕಟ್ ಮಾಡಿ ಸ್ಮೂತ್ ಮಾಡಿಕೊಡಲಾ ಅಣ್ಣ?" ಅಂದ ಹುಡುಗ, ಕೈ ಆಗಲೇ ಮೌಸ್ ಮೇಲೆ.

"ಬೇಡ. ಹಾಗೇ ಇರಲಿ, ಇನ್ನೊಂದು ಸಲ ಓಡಿಸು" ಅಂದೆ.